ಅಂಗಳದ ಮಣ್ಣಿನಿಂದ ಟೈಲ್ಸ್ ನೆಲದವರೆಗೆ: ಬೆಂಗಳೂರಿನ ಹೊರವಲಯದಲ್ಲಿ ನಾಯಿಮರಿ ಪಾಲನೆಯ ಇತಿಹಾಸ

ಬೆಂಗಳೂರಿನ ಹೊರವಲಯದ ಇತಿಹಾಸವನ್ನು ಸಾಮಾನ್ಯವಾಗಿ ಭೂಸ್ವಾಧೀನ, ಕಾರ್ಖಾನೆ, ಸಾಫ್ಟ್‌ವೇರ್ ರಫ್ತು ಮತ್ತು ರಸ್ತೆಗಳ ಲೆಕ್ಕದಲ್ಲಿ ಬರೆಯಲಾಗುತ್ತದೆ. ಕಾಡುಗೋಡಿ, ಪಟ್ಟಂದೂರು ಅಗ್ರಹಾರ, ವರ್ತೂರು, ಕೋನಪ್ಪನ ಅಗ್ರಹಾರ, ದೊಡ್ಡತೋಗೂರು, ಪೀಣ್ಯ, ಚೊಕ್ಕಸಂದ್ರ ಮುಂತಾದ ಊರುಗಳ ಹೊಲ, ಗೋಮಾಳ ಮತ್ತು ಕೆರೆಯಂಗಳಗಳು ಒಂದೆರಡು ತಲೆಮಾರಿನೊಳಗೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಮೂರು ದೊಡ್ಡ ಹೆಸರುಗಳ ಅಡಿಯಲ್ಲಿ ಸೇರಿಹೋದವು. ಅಲ್ಲಿ ಮನುಷ್ಯರ ಜೊತೆಗೇ ಬಾಳಿಕೊಂಡು ಬಂದ ನಾಯಿಯ ಬದುಕೂ ಇದರೊಂದಿಗೆ ಬದಲಾಯಿತಾದರೂ ಆ ಬದಲಾವಣೆ ಬರಹಕ್ಕೆ ಇಳಿದದ್ದು ಕಡಿಮೆ. ನಾಯಿಮರಿಯ ದೇಹ ಮಾತ್ರ ಬದಲಾಗಲಿಲ್ಲ; ಅದರ ಎಲುಬು ಗಟ್ಟಿಯಾಗಲು ಹಿಂದೆ ಎಷ್ಟು ತಿಂಗಳು ಬೇಕಿತ್ತೋ ಈಗಲೂ ಅಷ್ಟೇ ಬೇಕು. ಬದಲಾದದ್ದು ಅದು ಓಡಾಡುವ ನೆಲ ಮತ್ತು ಆ ನೆಲದ ಮೇಲಿನ ರೋಗಗಳು. ಹಿಂದೆ ಮಣ್ಣು, ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದ ತಾನಾಗಿಯೇ ಒದಗುತ್ತಿದ್ದ ವ್ಯಾಯಾಮವನ್ನು ಇಂದು ಸಾಕುವವರು ತಿಳಿದು, ಅಳೆದು ಒದಗಿಸಬೇಕಾಗಿದೆ. ಹಾಗೆ ಒದಗಿಸುವ ಹೊಣೆ ಒಂದು ಮನೆಯ ಗೇಟಿನೊಳಗೆ ಮುಗಿಯುವಂಥದ್ದಲ್ಲ ಎಂಬುದನ್ನು ಈ ಪ್ರದೇಶದ ಚರಿತ್ರೆಯೇ ತೋರಿಸಿಕೊಡುತ್ತದೆ.

ಬೇಟೆಯ ನಾಯಿ, ಹಟ್ಟಿಯ ನಾಯಿ

ಕನ್ನಡ ನಾಡಿನಲ್ಲಿ ನಾಯಿಗೆ ಸಂದ ಗೌರವದ ಲಿಖಿತ ದಾಖಲೆ ಸಾವಿರ ವರ್ಷಕ್ಕೂ ಹಳೆಯದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ಶಾಸನವು, ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ದೊರೆ ಎರಡನೆಯ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಂಗತಿಯನ್ನು ಹೇಳುತ್ತದೆ. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು ಮೆಚ್ಚುಗೆಯಾಗಿ ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದುದನ್ನೂ, ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಪ್ರಾಣ ಬಿಟ್ಟುದನ್ನೂ ಅದೇ ಕಲ್ಲು ದಾಖಲಿಸಿದೆ. ಉತ್ತರದ ಮುಧೋಳ ಸೀಮೆಯಲ್ಲಿ ತೆಳು ಮೈಯ, ಉದ್ದ ಕಾಲಿನ, ಕಣ್ಣಿನಿಂದಲೇ ಬೇಟೆಯನ್ನು ಗುರುತಿಸಿ ಅಟ್ಟುವ ತಳಿಯೊಂದು ರೈತರ ಮತ್ತು ಘೋರ್ಪಡೆ ಅರಸರ ಆಶ್ರಯದಲ್ಲಿ ಉಳಿದುಬಂದು, 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಚೀಟಿಯ ಮೇಲೂ ಕಾಣಿಸಿಕೊಂಡಿತು.

ಬೆಂಗಳೂರಿನ ಸುತ್ತಲಿನ ರಾಗಿ ಸೀಮೆಯ ನಾಯಿಗೆ ಇಂಥ ವಂಶಾವಳಿ ಇರಲಿಲ್ಲ. ಪೇಟೆಯವರು ಕಂತ್ರಿ ನಾಯಿ ಎಂದು ಕರೆದ, ಕೆಂಚು, ಕಪ್ಪು ಅಥವಾ ಬಿಳಿ ಮೈಯ ಈ ಊರನಾಯಿಯ ಕೆಲಸ ಹೊಲಕ್ಕೆ ಬರುವ ಹಂದಿಯನ್ನು ಬೆದರಿಸುವುದು, ಕುರಿಹಟ್ಟಿಯನ್ನು ಕಾಯುವುದು, ರಾತ್ರಿ ಅಪರಿಚಿತರು ಬಂದರೆ ಬೊಗಳಿ ಮನೆಯವರನ್ನು ಎಬ್ಬಿಸುವುದು ಇಷ್ಟೇ ಆಗಿತ್ತು. ಮರಿಗಳು ಹುಲ್ಲಿನ ಬಣವೆಯ ಬುಡದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಹುಟ್ಟಿ, ಕಣ್ಣು ಬಿಟ್ಟ ಮೇಲೆ ಕಣದ ಮಣ್ಣಿನಲ್ಲಿ ಒಂದರ ಮೇಲೊಂದು ಬಿದ್ದು ಕಚ್ಚಾಡಿ ಆಡುತ್ತಿದ್ದವು; ದಣಿದ ಮರಿ ಆಟದ ನಡುವೆಯೇ ಪಕ್ಕಕ್ಕೆ ಸರಿದು ಮಲಗುತ್ತಿತ್ತು, ಎದ್ದ ಮೇಲೆ ಮತ್ತೆ ಆಟಕ್ಕೆ ಸೇರುತ್ತಿತ್ತು. ತಾಯಿ ಹಾಲು ಬಿಡಿಸಿದ ಮೇಲೆ ಮಜ್ಜಿಗೆಯಲ್ಲಿ ಕಿವುಚಿದ ಮುದ್ದೆ, ಮಿಕ್ಕ ಸಾರು ಮತ್ತು ಎಲುಬಿನ ಚೂರು ಅವುಗಳ ಪಾಲಿಗೆ ಬರುತ್ತಿದ್ದವು.

ಈ ವ್ಯವಸ್ಥೆಯಲ್ಲಿ ಮೂರು ಅನುಕೂಲಗಳಿದ್ದವು. ಕಾಲಿನಡಿಯ ನೆಲ ಮೆತ್ತಗಿತ್ತು ಮತ್ತು ಜಾರುತ್ತಿರಲಿಲ್ಲ, ಓಟದ ವೇಗವನ್ನೂ ವಿಶ್ರಾಂತಿಯನ್ನೂ ಮರಿ ತಾನೇ ತೀರ್ಮಾನಿಸುತ್ತಿತ್ತು, ಎಷ್ಟು ಬಲವಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದನ್ನು ಒಡಹುಟ್ಟಿದ ಮರಿಗಳೇ ಕಲಿಸುತ್ತಿದ್ದವು. ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಸುಳ್ಳಾಗುತ್ತದೆ. ಜಂತುಹುಳು, ಉಣ್ಣೆ, ಹಸಿವು ಮತ್ತು ಹೆಸರು ತಿಳಿಯದ ಜ್ವರಗಳಿಂದ ಒಂದು ಸೂಲಿನ ಅನೇಕ ಮರಿಗಳು ಮಳೆಗಾಲ ದಾಟುತ್ತಿರಲಿಲ್ಲ. ಉಳಿದವು ಗಟ್ಟಿಯಾಗಿದ್ದವು ಎಂಬ ಜನರ ಅನುಭವದ ಹಿಂದೆ ಸತ್ತ ಮರಿಗಳ ಲೆಕ್ಕ ಸೇರಿರಲಿಲ್ಲ.

ದಂಡು, ವೈಟ್‌ಫೀಲ್ಡ್ ಮತ್ತು ಹುಚ್ಚುನಾಯಿಯ ಭಯ

ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಗೊಂಡ 1809ರಲ್ಲಿಯೇ, ಸಿಡುಬಿನ ಲಸಿಕೆಯಿಂದ ಹೆಸರಾದ ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ ನಾಯಿಗಳ ಡಿಸ್ಟೆಂಪರ್ ರೋಗದ ವಿವರಣೆಯನ್ನು ಪ್ರಕಟಿಸಿದನು. ಕಣ್ಣು ಮೂಗುಗಳಲ್ಲಿ ಕೀವು, ಕೆಮ್ಮು, ಭೇದಿಯಿಂದ ತೊಡಗಿ ಕೊನೆಗೆ ನರಮಂಡಲವನ್ನು ಹಿಡಿದು ಸೆಳವು ತರಿಸುವ ಈ ಕಾಯಿಲೆ ಎಳೆಯ ನಾಯಿಗಳ ಪಾಲಿಗೆ ಬಹುಕಾಲ ಮಾರಿಯಾಗಿತ್ತು. ಅದಕ್ಕೆ ವೈರಸ್ ಕಾರಣವೆಂದು 1905ರಲ್ಲಿ ಫ್ರಾನ್ಸಿನ ಆನ್ರಿ ಕಾರೆ ತೋರಿಸಿದನು. 1920ರ ದಶಕದಲ್ಲಿ ಬ್ರಿಟನ್ನಿನ ಲೇಡ್‌ಲಾ ಮತ್ತು ಡಂಕಿನ್ ಲಸಿಕೆಯನ್ನು ರೂಪಿಸಿದರು. ದಂಡಿನ ಅಧಿಕಾರಿಗಳ ಬಂಗಲೆಗಳ ಮೂಲಕ ವಿದೇಶಿ ತಳಿಯ ನಾಯಿಗಳೂ, ಕೊರಳಪಟ್ಟಿ, ಸರಪಳಿ, ಸಂಜೆಯ ತಿರುಗಾಟಗಳೂ ಬೆಂಗಳೂರಿಗೆ ಪರಿಚಿತವಾದವು. ಜಾತಿ ನಾಯಿ ಮತ್ತು ಬೀದಿನಾಯಿ ಎಂಬ, ಇಂದಿಗೂ ಮುಂದುವರಿದಿರುವ ಭೇದ ಬಲಿತದ್ದು ಈ ಬಂಗಲೆ ಸಂಸ್ಕೃತಿಯಲ್ಲಿಯೇ.

ವೈಟ್‌ಫೀಲ್ಡ್ ಹುಟ್ಟಿದ್ದೂ ಆ ಕಾಲದ ಇನ್ನೊಂದು ಪ್ರಯೋಗವಾಗಿ. ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ–ಇಂಡಿಯನ್ ಸಂಘಕ್ಕೆ ನೀಡಿದ ಸುಮಾರು 3,900 ಎಕರೆ ಭೂಮಿಯಲ್ಲಿ, ಸಂಘದ ನಾಯಕ ಡೇವಿಡ್ ಎಮಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್‌ನ ಹೆಸರಿನಲ್ಲಿ, 1882ರಲ್ಲಿ ಈ ಕೃಷಿ ವಸಾಹತು ಆರಂಭವಾಯಿತು. ವೃತ್ತಾಕಾರದ ನಡುಬಯಲಿನ ಸುತ್ತ ವಿಶಾಲ ತೋಟಗಳ ಮನೆಗಳನ್ನು ಹೊಂದಿದ್ದ ಆ ನೆಲೆಯಲ್ಲಿ ಸಾಕುನಾಯಿಗೂ ಹಳ್ಳಿಯ ನಾಯಿಗೂ ಓಡಾಡಲು ಮಣ್ಣಿನ ಕೊರತೆ ಇರಲಿಲ್ಲ.

ಕೊರತೆಯಿದ್ದುದು ವೈದ್ಯದಲ್ಲಿ, ಅದರಲ್ಲೂ ರೇಬಿಸ್ ವಿಷಯದಲ್ಲಿ. ಲೂಯಿ ಪಾಶ್ಚರ್ 1885ರಲ್ಲಿ ರೇಬಿಸ್ ಲಸಿಕೆಯನ್ನು ಮನುಷ್ಯರಿಗೆ ಮೊದಲ ಬಾರಿ ನೀಡಿದ ಎರಡು ದಶಕಗಳ ಬಳಿಕ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ತೆರೆಯಿತು. ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ಸಿದ್ಧಪಡಿಸಿದ ಲಸಿಕೆ, ಕುರಿಯ ಮಿದುಳಿನ ಅಂಗಾಂಶದಿಂದ ತಯಾರಾಗುತ್ತಿದ್ದು, ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಚುಚ್ಚಬೇಕಾಗಿತ್ತು. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಹಿರಿಯರು ಮಕ್ಕಳನ್ನು ಹೆದರಿಸುತ್ತಿದ್ದುದಕ್ಕೆ ಈ ಲಸಿಕೆಯೇ ಕಾರಣ. ಭಾರತದಲ್ಲಿ ಇದರ ಬಳಕೆ 2004ರ ಕೊನೆಯವರೆಗೂ ನಡೆಯಿತು. ನಾಯಿಯ ಮೇಲಿನ ಭಯ ಮರಿಯ ಆರೈಕೆಗೂ ಅಡ್ಡಿಯಾಯಿತು. ಅದನ್ನು ಮನೆಯೊಳಗೆ ಮುಟ್ಟಿ, ಮೈ ನೋಡಿ, ಉಣ್ಣೆ ಕಿತ್ತು ಬೆಳೆಸುವುದಕ್ಕಿಂತ ಹೊರಗೆ ಬಿಡುವುದೇ ಕ್ಷೇಮವೆಂಬ ನಡವಳಿಕೆ ಬಲಗೊಂಡಿತು.

ಸರ್ಕಾರದ ಪಶುವೈದ್ಯ ಮೊದಲು ಗಮನ ಹರಿಸಿದ್ದು ದನಕರುಗಳ ಕಡೆಗೆ. ರಿಂಡರ್‌ಪೆಸ್ಟ್ ಎಂಬ ದನಗಳ ಮಹಾಮಾರಿಯನ್ನು ತಡೆಯುವ ಸೀರಮ್ ತಯಾರಿಕೆಗೆ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಮ್ ಸಂಸ್ಥೆ ಹುಟ್ಟಿತು. ಇಂದಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದರ ಮುಂದುವರಿಕೆ. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಸ್ಥಾಪನೆಯಾದ ಮೇಲೆ ಅದರ ಆಸ್ಪತ್ರೆ ದನ, ಕುರಿಗಳಿಗಷ್ಟೇ ಅಲ್ಲದೆ ನಾಯಿ, ಬೆಕ್ಕುಗಳಿಗೂ ಬಾಗಿಲು ತೆರೆಯಿತು. ಹೊರವಲಯದ ಮನೆಗಳಿಂದ ಕಾಯಿಲೆಯ ಮರಿಯನ್ನು ಚೀಲದಲ್ಲಿ ಅಥವಾ ಬುಟ್ಟಿಯಲ್ಲಿ ಹೊತ್ತು ಹೆಬ್ಬಾಳಕ್ಕೋ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗೋ ಬರುವುದು ರೂಢಿಯಾಯಿತು.

1978ರ ತಿರುವು

ಈ ಚರಿತ್ರೆಯಲ್ಲಿ 1978 ಒಂದು ಗಡಿಗಲ್ಲು. ಕಿಯೋನಿಕ್ಸ್ ಎಂಬ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವು ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕಲ್ಪನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ್ದೂ, ಪೀಣ್ಯದ ಸಣ್ಣ ಕೈಗಾರಿಕೋದ್ಯಮಿಗಳು ತಮ್ಮ ಸಂಘವನ್ನು ಕಟ್ಟಿಕೊಂಡದ್ದೂ ಆ ವರ್ಷದಲ್ಲಿ. ಅದೇ ವರ್ಷ ಜಗತ್ತಿನ ಹಲವು ದೇಶಗಳಲ್ಲಿ ನಾಯಿಗಳ ಪಾರ್ವೊ ವೈರಸ್ ಹೊಸ ರೋಗವಾಗಿ ಕಾಣಿಸಿಕೊಂಡು, 1980ರ ದಶಕದ ಆರಂಭದಲ್ಲಿ ಭಾರತದಲ್ಲಿಯೂ ದಾಖಲಾಯಿತು. ಈ ಎರಡು ಸಂಗತಿಗಳಿಗೆ ಪರಸ್ಪರ ಕಾರಣ ಸಂಬಂಧವಿಲ್ಲದಿದ್ದರೂ, ನೆಲ ಕಾಂಕ್ರೀಟಾಗತೊಡಗಿದ ಕಾಲ ಮತ್ತು ಉಳಿದ ಮಣ್ಣು ಮರಿಗೆ ಅಪಾಯಕಾರಿಯಾದ ಕಾಲ ಒಂದೇ ಆಗಿಬಿಟ್ಟಿತು.

ಪಾರ್ವೊ ಕರುಳಿನ ಒಳಪದರವನ್ನೂ ರಕ್ತಕಣಗಳನ್ನು ಹುಟ್ಟಿಸುವ ಎಲುಬಿನ ಮಜ್ಜೆಯನ್ನೂ ಏಕಕಾಲದಲ್ಲಿ ಹಾಳುಮಾಡುತ್ತದೆ. ಬೆಳಿಗ್ಗೆ ಮಂಕಾದ ಮರಿ ಸಂಜೆಯೊಳಗೆ ವಾಂತಿ ಮತ್ತು ದುರ್ವಾಸನೆಯ ರಕ್ತಭೇದಿಯಿಂದ ನಿತ್ರಾಣವಾಗಿ, ಡ್ರಿಪ್ ಮತ್ತು ಆರೈಕೆ ದೊರೆಯದಿದ್ದರೆ ಎರಡು ಮೂರು ದಿನಗಳಲ್ಲಿ ಸಾಯಬಹುದು. ವೈರಸ್ ಸೋಪಿಗೂ ಸಾಮಾನ್ಯ ಫಿನಾಯಿಲಿಗೂ ಬಗ್ಗದೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮನುಷ್ಯರ ಚಪ್ಪಲಿಗೆ ಅಂಟಿ ಮನೆಯೊಳಗೂ ಬರುತ್ತದೆ. ಅಜ್ಜನ ಕಾಲದಲ್ಲಿ ಮರಿಯ ಎಲುಬನ್ನು ಕಾದ ಅಂಗಳವೇ ಈಗ ಲಸಿಕೆಯಿಲ್ಲದ ಮರಿಗೆ ಸಾವು ತರಬಲ್ಲದು.

ಪೀಣ್ಯದ ಶೆಡ್ಡುಗಳಲ್ಲಿ ಅಪಾಯದ ರೂಪ ಬೇರೆ. ಕಾವಲಿಗೆಂದು ವಾಚ್‌ಮನ್ ತಂದಿಟ್ಟ ಮರಿ ಹಗಲೆಲ್ಲ ಸಿಮೆಂಟು ನೆಲದ ಮೇಲೆ ಗಿಡ್ಡ ಸರಪಳಿಯಲ್ಲಿದ್ದು, ರಾತ್ರಿ ಬಿಟ್ಟಾಗ ಲೇತ್ ಯಂತ್ರದಿಂದ ಉದುರಿದ ಹರಿತ ಲೋಹದ ಸುರುಳಿಗಳ ಮೇಲೆ ಓಡಾಡಿ ಪಾದ ಕೊಯ್ದುಕೊಳ್ಳುತ್ತದೆ. ವಾಹನಗಳ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಎಂಬ ಸಿಹಿ ದ್ರವ ನೆಲಕ್ಕೆ ಚೆಲ್ಲಿದ್ದರೆ, ರುಚಿಗೆ ನೆಕ್ಕಿದ ಮರಿಯ ಮೂತ್ರಪಿಂಡಗಳು ನಾಶವಾಗುತ್ತವೆ. ಗುಟುಕಿನಷ್ಟು ದ್ರವವೂ ಎಳೆ ಮರಿಯನ್ನು ಕೊಲ್ಲಬಲ್ಲದಾದ್ದರಿಂದ ಚೆಲ್ಲಿದ ಕೂಡಲೇ ಒರೆಸುವುದು ಶೆಡ್ಡಿನ ಸುರಕ್ಷತಾ ನಿಯಮವೇ ಆಗಬೇಕು.

ಪಟ್ಟಂದೂರು ಅಗ್ರಹಾರದ ಜಮೀನಿನಲ್ಲಿ 1990ರ ದಶಕದಲ್ಲಿ ಸಿಂಗಪುರದ ಸಹಭಾಗಿತ್ವದ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಎದ್ದ ಮೇಲೆ ವೈಟ್‌ಫೀಲ್ಡಿನ ಸುತ್ತ ಬಹುಮಹಡಿ ವಸತಿಗಳು ಬೆಳೆದವು. ಅವುಗಳೊಂದಿಗೆ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್, ಹಿಮಪ್ರದೇಶದ ಹಸ್ಕಿಯವರೆಗೆ ಹಲವು ತಳಿಗಳು ಹತ್ತನೆಯ ಮಹಡಿಯ ಮನೆಗಳಿಗೆ ಬಂದವು. ಈ ಬೇಡಿಕೆ ಗುಟ್ಟಾಗಿ ಮರಿ ಹಾಕಿಸುವ ವ್ಯಾಪಾರವನ್ನೂ ಬೆಳೆಸಿದ್ದರಿಂದ, ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಕೇಂದ್ರದ 2017ರ ನಿಯಮ ವಿಧಿಸಬೇಕಾಯಿತು. ತಾಯಿಯಿಂದ ಬೇಗ ಅಗಲಿದ ಮರಿಗೆ ರೋಗನಿರೋಧಕ ಶಕ್ತಿಯೂ ಸಾಲದು, ಕಚ್ಚುವ ಮಿತಿಯ ಕಲಿಕೆಯೂ ಸಾಲದು ಎಂಬುದು ಆ ನಿಯಮದ ಹಿಂದಿನ ತಿಳಿವಳಿಕೆ.

ಎಲುಬಿನ ತಿಳಿವಳಿಕೆ ಬೆಳೆದ ಬಗೆ

ಮರಿಯ ಉದ್ದ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ತೆಳು ಪದರವಿರುತ್ತದೆ. ಬೆಳವಣಿಗೆಯ ಫಲಕವೆಂದು ಕರೆಯಬಹುದಾದ ಈ ಪದರದಲ್ಲಿ ಹೊಸ ಎಲುಬು ಹುಟ್ಟಿ ಕಾಲು ಉದ್ದವಾಗುತ್ತದೆ. ಸಣ್ಣ ಮತ್ತು ಮಧ್ಯಮ ಗಾತ್ರದ ನಾಯಿಗಳಲ್ಲಿ ಬಹುಪಾಲು ಫಲಕಗಳು ಒಂದು ವರ್ಷದೊಳಗೆ ಎಲುಬಾಗಿ ಮುಚ್ಚಿಕೊಂಡರೆ, ಗ್ರೇಟ್ ಡೇನ್‌ನಂಥ ಭಾರಿ ತಳಿಗಳಲ್ಲಿ ಅದಕ್ಕೆ ಒಂದೂವರೆ ವರ್ಷದವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಫಲಕವು ಸುತ್ತಲಿನ ಎಲುಬಿಗಿಂತ ದುರ್ಬಲವಾಗಿದ್ದು, ಎತ್ತರದಿಂದ ಧುಮುಕಿದಾಗ ಪೆಟ್ಟಾದರೆ ಕಾಲು ಸೊಟ್ಟಗೆ ಬೆಳೆಯುವ ಅಪಾಯವಿರುತ್ತದೆ.

ಸೊಂಟದ ಕೀಲಿನ ಗುಂಡು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂಡದ ಹಿಪ್ ಡಿಸ್‌ಪ್ಲೇಸಿಯಾ ಎಂಬ ದೋಷವನ್ನು ಅಮೆರಿಕದ ಪಶುವೈದ್ಯ ಗೆರಿ ಷ್ನೆಲ್ಲೆ 1935ರಲ್ಲಿ ನಾಯಿಗಳಲ್ಲಿ ವರ್ಣಿಸಿದನು. ಇದು ವಂಶದಿಂದ ಬರುವ ದೋಷವಾದರೂ ಬೆಳೆಯುವ ಕಾಲದ ಆಹಾರ ಮತ್ತು ವ್ಯಾಯಾಮಗಳು ಅದನ್ನು ಹೆಚ್ಚಿಸಬಲ್ಲವು ಅಥವಾ ತಗ್ಗಿಸಬಲ್ಲವು. ನಾರ್ವೆಯ ಸಂಶೋಧಕರು ನಾಲ್ಕು ದೊಡ್ಡ ತಳಿಗಳ ಮರಿಗಳನ್ನು ಅನುಸರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದಾಗಿನಿಂದ ಮೂರು ತಿಂಗಳವರೆಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಈ ದೋಷ ಹೆಚ್ಚಾಗಿಯೂ, ಆ ವಯಸ್ಸಿನಲ್ಲಿ ಮೆತ್ತನೆಯ, ಏರುತಗ್ಗಿನ ಬಯಲಿನಲ್ಲಿ ಹಗ್ಗವಿಲ್ಲದೆ ಆಡಿದ ಮರಿಗಳಲ್ಲಿ ಕಡಿಮೆಯಾಗಿಯೂ ಕಂಡುಬಂದಿತು. ಕಣ ಮತ್ತು ಕೆರೆಯಂಗಳದ ಮರಿಗೆ ಕೇಳದೆ ದೊರೆತಿದ್ದ ಅನುಕೂಲವನ್ನು ವಿಜ್ಞಾನ ಹೀಗೆ ಅಳೆದು ತೋರಿಸಿತು.

ಇಂದಿನ ಫ್ಲಾಟಿನ ನಯವಾದ ವಿಟ್ರಿಫೈಡ್ ಟೈಲ್ಸ್ ಮೇಲೆ ಓಡುವ ಮೂರು ತಿಂಗಳ ಮರಿಯನ್ನು ಗಮನಿಸಿದರೆ ಸಮಸ್ಯೆ ಕಣ್ಣಿಗೇ ಕಾಣುತ್ತದೆ. ತಿರುಗುವಾಗ ಹಿಂಗಾಲುಗಳು ಹೊರಕ್ಕೆ ಜಾರುತ್ತವೆ, ಉಗುರುಗಳು ಹಿಡಿತ ಸಿಗದೆ ಕೆರೆಯುತ್ತವೆ, ಎದ್ದು ನಿಲ್ಲಲು ಮರಿ ಸೊಂಟವನ್ನು ತಿರುಚುತ್ತದೆ. ಓಡಾಡುವ ಜಾಗದಲ್ಲಿ ಚಾಪೆ ಅಥವಾ ರಬ್ಬರ್ ಹಾಸು ಹಾಕುವುದು, ಪಾದದ ಅಡಿಯ ಕೂದಲನ್ನೂ ಉಗುರನ್ನೂ ಕತ್ತರಿಸುವುದು, ಸೋಫಾ ಮತ್ತು ಕಾರಿನಿಂದ ಧುಮುಕಲು ಬಿಡದೆ ಎತ್ತಿ ಇಳಿಸುವುದು ಹೆಚ್ಚು ಖರ್ಚಿಲ್ಲದ ಪರಿಹಾರಗಳು. ಸ್ಕೂಟರಿನ ಪಕ್ಕ ಹಗ್ಗ ಹಿಡಿದು ಓಡಿಸುವುದು, ದಣಿದ ಮೇಲೂ ಚೆಂಡು ಎಸೆಯುತ್ತಲೇ ಇರುವುದು, ಟೆಕ್ ಪಾರ್ಕಿನ ಕಾಂಕ್ರೀಟ್ ರಸ್ತೆಯಲ್ಲಿ ಜಾಗಿಂಗಿಗೆ ಒಯ್ಯುವುದು ಬೆಳೆಯುವ ಮರಿಗೆ ತಕ್ಕದ್ದಲ್ಲ. ತಿಂಗಳಿಗೆ ಐದು ನಿಮಿಷದಂತೆ, ಅಂದರೆ ನಾಲ್ಕು ತಿಂಗಳ ಮರಿಗೆ ಇಪ್ಪತ್ತು ನಿಮಿಷ, ಎಂಬ ಜನಪ್ರಿಯ ಲೆಕ್ಕಕ್ಕೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ ಹೊತ್ತು, ಹುಲ್ಲು ಅಥವಾ ಮಣ್ಣಿನ ಮೇಲೆ ಮರಿ ತಾನೇ ಆಡಲಿ, ತಾನೇ ನಿಲ್ಲಲಿ ಎಂಬುದು ಹೆಚ್ಚು ನಂಬಬಹುದಾದ ಸೂತ್ರ. ಹಿಂದೆ ಬೀಳುವುದು, ಕೂತುಬಿಡುವುದು, ಮಲಗಿ ಎದ್ದಾಗ ಕುಂಟುವುದು ಮಿತಿ ಮೀರಿದುದರ ಸೂಚನೆಗಳು. ಮಾರ್ಚ್‌ನಿಂದ ಮೇವರೆಗೆ ಡಾಂಬರಿನ ಮೇಲೆ ಐದಾರು ಸೆಕೆಂಡು ಅಂಗೈ ಇಡಲಾಗದಿದ್ದರೆ ಆ ರಸ್ತೆ ಮರಿಯ ಪಾದಕ್ಕೂ ಬೇಡ. ಪಗ್‌ನಂಥ ಗಿಡ್ಡ ಮೂಗಿನ ತಳಿಗಳನ್ನು ನಸುಕಿನಲ್ಲಿ ಅಥವಾ ಹೊತ್ತು ಮುಳುಗಿದ ಮೇಲೆ ಮಾತ್ರ ಹೊರಗೆ ಒಯ್ಯಬೇಕು.

ಆಹಾರದಲ್ಲಿಯೂ ಹಳೆಯ ಎರಡು ನಂಬಿಕೆಗಳನ್ನು ತಿದ್ದಬೇಕಾಯಿತು. ಕ್ಯಾಲ್ಸಿಯಂ ಎಷ್ಟು ಕೊಟ್ಟರೆ ಎಲುಬು ಅಷ್ಟು ಗಟ್ಟಿ ಎಂಬುದು ಮೊದಲನೆಯದು. ಹೆಚ್ಚುವರಿ ಕ್ಯಾಲ್ಸಿಯಂ ಗ್ರೇಟ್ ಡೇನ್ ಮರಿಗಳ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆಂದು 1980ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನಡೆದ ಪ್ರಯೋಗಗಳು ತೋರಿಸಿದ್ದರಿಂದ, ಸಮತೋಲನದ ಮರಿ ಆಹಾರ ತಿನ್ನುವ ದೊಡ್ಡ ತಳಿಗೆ ವೈದ್ಯರ ಮಾತಿಲ್ಲದೆ ಕ್ಯಾಲ್ಸಿಯಂ ಸಿರಪ್ ಹಾಕಬಾರದು. ದುಂಡಗಿರುವ ಮರಿಯೇ ಆರೋಗ್ಯವಂತ ಎಂಬುದು ಎರಡನೆಯದು. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾವಿನವರೆಗೆ ಗಮನಿಸಿ 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಕಾಲುಭಾಗ ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲುಗಳೂ ತಡವಾಗಿ ಸವೆದವು. ರಾಗಿ ಇಂದಿಗೂ ಒಳ್ಳೆಯ ಪೂರಕ ಆಹಾರವೇ. ಆದರೆ ಮಾಂಸ, ಮೊಟ್ಟೆಯಂಥ ಸಸಾರಜನಕವಿಲ್ಲದೆ ಬರೀ ಮುದ್ದೆ ಹಾಲಿನ ಮೇಲೆ ಬೆಳೆದ ಮರಿ ಸೊರಗುತ್ತದೆ.

ಲಸಿಕೆಯ ಹೊತ್ತು, ಕಲಿಕೆಯ ಹೊತ್ತು

ಹುಟ್ಟಿದ ಮರಿಗೆ ತಾಯಿಯ ಗಿಣ್ಣಿನ ಮೂಲಕ ಬಂದ ಪ್ರತಿಕಾಯಗಳು, ಅಂದರೆ ರೋಗಾಣುವಿನೊಡನೆ ಹೋರಾಡುವ ರಕ್ತದ ಅಂಶಗಳು, ಕೆಲವು ವಾರ ರಕ್ಷಣೆ ಕೊಡುತ್ತವೆ. ಅವೇ ಲಸಿಕೆಯ ಪರಿಣಾಮವನ್ನೂ ತಡೆಯುತ್ತವೆ. ಅವು ಯಾವ ವಾರ ಕುಗ್ಗುತ್ತವೆಂದು ಪ್ರತಿ ಮರಿಯಲ್ಲೂ ತಿಳಿಯಲಾಗದ ಕಾರಣ, ಡಿಸ್ಟೆಂಪರ್ ಮತ್ತು ಪಾರ್ವೊ ಒಳಗೊಂಡ ಸಂಯುಕ್ತ ಲಸಿಕೆಯನ್ನು ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ಮತ್ತೆ ಮತ್ತೆ ನೀಡುತ್ತಾರೆ. ಒಂದೇ ಚುಚ್ಚುಮದ್ದಿಗೆ ನಿಲ್ಲಿಸಿದ ಮನೆಗಳಲ್ಲಿಯೂ ಪಾರ್ವೊ ಬರುವುದು ಇದರಿಂದಲೇ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಜಂತುನಾಶಕ ಎರಡನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ತಿಂಗಳಿಗೊಮ್ಮೆ. ಕಂದು ಬಣ್ಣದ ನಾಯಿ ಉಣ್ಣೆ ಹರಡುವ ಎರ್ಲಿಕಿಯಾ ಮತ್ತು ಬಬೇಸಿಯಾ ಜ್ವರಗಳು ಬೆಂಗಳೂರಿನಲ್ಲಿ ಸಾಮಾನ್ಯವಾದ್ದರಿಂದ, ವಾಕಿಂಗ್ ಮುಗಿಸಿ ಬಂದ ಮರಿಯ ಕಿವಿಯ ಮಡಿಕೆ, ಕಂಕುಳು ಮತ್ತು ಬೆರಳ ಸಂದುಗಳನ್ನು ದಿನವೂ ನೋಡುವುದು ವ್ಯಾಯಾಮದ್ದೇ ಭಾಗವಾಗಬೇಕು.

ಇಲ್ಲೊಂದು ಇಕ್ಕಟ್ಟಿದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ದೀರ್ಘ ಸಂಶೋಧನೆ, ಮರಿ ಜನರನ್ನೂ ಇತರ ನಾಯಿಗಳನ್ನೂ ಭಯವಿಲ್ಲದೆ ಒಪ್ಪಿಕೊಳ್ಳಲು ಕಲಿಯುವ ಕಾಲ ಸುಮಾರು ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗೆ ಎಂದು ತೋರಿಸಿತು. ಲಸಿಕೆ ಪೂರ್ತಿಯಾಗುವ ಹೊತ್ತಿಗೆ ಈ ಅವಧಿ ಮುಗಿದಿರುತ್ತದೆ. ಬಾಗಿಲು ಹಾಕಿ ಬೆಳೆಸಿದ ಮರಿ ಪಾರ್ವೊದಿಂದ ಪಾರಾಗಿ, ಮುಂದೆ ಲಿಫ್ಟಿನಲ್ಲಿ ಮಗುವನ್ನು ಕಂಡು ಹೆದರಿ ಕಚ್ಚುವ ನಾಯಿಯಾಗಬಹುದು. ಮೊದಲ ಲಸಿಕೆಯ ನಂತರ ಮರಿಯನ್ನು ತೋಳಿನಲ್ಲಿ ಎತ್ತಿಕೊಂಡು ಗೇಟಿನ ಸೆಕ್ಯುರಿಟಿ, ಹಾಲಿನವರು, ಶಾಲೆಯ ಬಸ್ಸು, ಆಟೋ ಸದ್ದುಗಳನ್ನು ಪರಿಚಯಿಸುವುದು ಮತ್ತು ಲಸಿಕೆಯಾದ ಆರೋಗ್ಯವಂತ ನಾಯಿಗಳೊಡನೆ ಮಾತ್ರ ಆಡಿಸುವುದು ಈ ಇಕ್ಕಟ್ಟಿಗೆ ಪಶುವೈದ್ಯರು ಕಂಡುಕೊಂಡ ದಾರಿ.

ಗೇಟಿನ ಹೊರಗಿನ ಮರಿ

ಬೀದಿನಾಯಿಗಳನ್ನು ಹಿಡಿದು ಕೊಲ್ಲುವುದು ಬಹುಕಾಲ ನಗರಾಡಳಿತಗಳ ಪದ್ಧತಿಯಾಗಿತ್ತು. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳ ಕೆಲಸ ಮತ್ತು ಕೇಂದ್ರದ 2001ರ ಸಂತಾನ ನಿಯಂತ್ರಣ ನಿಯಮಗಳು, ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ನೀಡಿ ನಾಯಿಯನ್ನು ಅದರ ಜಾಗಕ್ಕೇ ಬಿಡುವ ವಿಧಾನವನ್ನು ನೆಲೆಗೊಳಿಸಿದವು. 2007ರ ಆರಂಭದಲ್ಲಿ ನಗರದಲ್ಲಿ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದಾಗ ಸಾರ್ವಜನಿಕ ಆಕ್ರೋಶ ಮತ್ತೆ ಹತ್ಯೆಯ ಕಡೆಗೆ ವಾಲಿತು. ಅದೇ ವರ್ಷ ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಮುಂತಾದ ಹೊರವಲಯದ ನಗರಸಭೆಗಳೂ 110 ಹಳ್ಳಿಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರೂಪುಗೊಂಡಿತು. ಕಸದ ಗಾಡಿ ಮತ್ತು ಪಶುವೈದ್ಯ ವ್ಯವಸ್ಥೆ ಹಳ್ಳಿಗಳನ್ನು ತಲುಪುವ ಮೊದಲೇ ಮಾಂಸದಂಗಡಿ ಮತ್ತು ಹೋಟೆಲುಗಳ ತ್ಯಾಜ್ಯ ಬಯಲಿಗೆ ಬಿದ್ದು ನಾಯಿಗಳ ಗುಂಪುಗಳು ಬೆಳೆದಿದ್ದವು. 2023ರ ಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಸುಮಾರು 2.79 ಲಕ್ಷ ಬೀದಿನಾಯಿಗಳಲ್ಲಿ ವೈಟ್‌ಫೀಲ್ಡ್ ಒಳಗೊಂಡ ಮಹದೇವಪುರ ವಲಯದಲ್ಲೇ ಅತಿ ಹೆಚ್ಚು ಕಂಡುಬಂದದ್ದು ಈ ಬೆಳವಣಿಗೆಯ ಫಲ.

ಬಿಬಿಎಂಪಿ 2024ರಲ್ಲಿ ಬೀದಿನಾಯಿಗಳಿಗೆ ರೇಬಿಸ್ ಜೊತೆಗೆ ಡಿಸ್ಟೆಂಪರ್, ಪಾರ್ವೊ ಮುಂತಾದವುಗಳ ಸಂಯುಕ್ತ ಲಸಿಕೆಯನ್ನೂ ನೀಡುವ ಕಾರ್ಯಕ್ರಮ ಆರಂಭಿಸಿದ್ದು ಈ ದೀರ್ಘ ಚರಿತ್ರೆಯಲ್ಲಿ ಮಹತ್ವದ ಹೆಜ್ಜೆ. ದಂಡಿನ ಕಾಲದಿಂದ ಬಂದ ಜಾತಿ ನಾಯಿ, ಬೀದಿನಾಯಿ ಭೇದವನ್ನು ವೈರಸ್ ಎಂದೂ ಪಾಲಿಸಿರಲಿಲ್ಲ. ಆಡಳಿತವೂ ಅದನ್ನು ಬದಿಗಿಟ್ಟದ್ದು ಈಗ. ಗೇಟಿನ ಹೊರಗಿನ ಮರಿಗೆ ಲಸಿಕೆ ಬಿದ್ದರೆ ಒಳಗಿನ ಮರಿ ಹುಲ್ಲಿನ ಮೇಲೆ ನಿರ್ಭಯವಾಗಿ ಆಡಬಹುದು, ಹಾದಿಯಲ್ಲಿ ನಡೆಯುವ ಮಕ್ಕಳೂ ಕ್ಷೇಮವಾಗಿರಬಹುದು. ಹೀಗಾಗಿ ವಸತಿ ಸಮುಚ್ಚಯದ ಸಂಘವೊಂದು ತನ್ನ ಸದಸ್ಯರ ಮರಿಗಳ ಆರೋಗ್ಯಕ್ಕೆ ಮಾಡಬಹುದಾದ ದೊಡ್ಡ ಕೆಲಸಗಳು ಮೂರು: ಕಲ್ಲು ಹಾಸದ ಒಂದು ತುಂಡು ಮಣ್ಣಿನ ನೆಲವನ್ನು ಉಳಿಸುವುದು, ಮಾಂಸದ ಕಸ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು, ತನ್ನ ಬೀದಿಯ ಪ್ರತಿ ನಾಯಿಗೂ ಸಂತಾನ ನಿಯಂತ್ರಣ ಮತ್ತು ಲಸಿಕೆ ಆಗಿದೆಯೇ ಎಂದು ಪಾಲಿಕೆಯೊಡನೆ ಪ್ರತಿ ವರ್ಷ ತಾಳೆ ನೋಡುವುದು. ಹಳ್ಳಿಯ ಅಂಗಳ ಕೊಟ್ಟದ್ದನ್ನು ಕಾಪಾಡಿಕೊಂಡು, ಅದು ಕೊಡಲಾಗದ ವೈದ್ಯವನ್ನು ಅದಕ್ಕೆ ಸೇರಿಸುವ ಅವಕಾಶ ಈ ಊರುಗಳಿಗೆ ಮೊದಲ ಬಾರಿ ಒದಗಿದೆ. ಅದನ್ನು ಬಳಸಿಕೊಳ್ಳುವ ಹೊಣೆ ಮರಿ ಸಾಕಿದವರದಷ್ಟೇ ಅಲ್ಲ, ಈ ನೆಲದ ಮೇಲೆ ಮನೆ ಮತ್ತು ಕಾರ್ಖಾನೆ ಕಟ್ಟಿಕೊಂಡ ಎಲ್ಲರದೂ ಆಗಿದೆ.